ಬಾಲ್ಕನ್ ಬೈಕ್ ಹಾದಿ: ದೇಶ ಎಣಿಸಬೇಡಿ, ಬೆಟ್ಟ ಹಿಡಿಯಿರಿ

(ಬೈಕ್ ಪ್ರವಾಸಿಗರ ಸಂಜೆ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಗ್ನೇಯ ಯುರೋಪಿನ ಬಾಲ್ಕನ್ ಕಡೆ ಬೈಕಿನಲ್ಲಿ ಹೋಗಬೇಕು ಅಂತ ಆಸೆಪಟ್ಟು ಮಾತಾಡಲು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ, ಕೊಸೊವೊ, ಸರ್ಬಿಯಾ, ಬಲ್ಗೇರಿಯಾ. ಎರಡು ವಾರ ರಜೆ, ಒಂಬತ್ತು ದೇಶ. ಅಷ್ಟು ದೂರ ಹೋಗುತ್ತೇವೆ, ಎಲ್ಲವನ್ನೂ ನೋಡಿಬಿಡೋಣ ಅನ್ನುವುದು ಸಹಜ, ಅಲ್ವಾ? ಆದರೆ ಆ ಪಟ್ಟಿಯನ್ನು ಮಡಚಿ ಒಳಗಿಡಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ.

ನಕ್ಷೆಯಲ್ಲಿ ಗಡಿಗೆರೆಗಳನ್ನು ಮರೆತು ಬೆಟ್ಟಗಳನ್ನು ಮಾತ್ರ ನೋಡಿ. ಸ್ಲೊವೇನಿಯಾದಿಂದ ಅಲ್ಬೇನಿಯಾದವರೆಗೆ, ಆಡ್ರಿಯಾಟಿಕ್ ಸಮುದ್ರದ ಪಕ್ಕದಲ್ಲೇ, 600 ಕಿಲೋಮೀಟರಿಗೂ ಜಾಸ್ತಿ ಉದ್ದದ ಒಂದು ಬೆಟ್ಟಸಾಲು ಕಾಣುತ್ತದೆ. ಅದೇ ದಿನಾರಿಕ್ ಸಾಲು. ಬೈಕ್ ಓಡಿಸುವವರಿಗೆ ಬೇಕಾದದ್ದು ಹೆಚ್ಚಾಗಿ ಈ ಸಾಲಿನ ಮೇಲೆ ಅಥವಾ ಅದರ ಮಗ್ಗುಲಲ್ಲಿದೆ. ಹಾದಿಗೆ ಇದನ್ನೇ ಬೆನ್ನುಮೂಳೆ ಮಾಡಿಕೊಳ್ಳಿ. ದೇಶಗಳು ತಾವಾಗಿ ಬರುತ್ತವೆ, ಹೋಗುತ್ತವೆ.

ಈ ಬೆಟ್ಟಗಳ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಇಲ್ಲಿನ ರಸ್ತೆ ಅರ್ಥವಾಗಬೇಕಾದರೆ ಮೊದಲು ಕಲ್ಲು ಅರ್ಥವಾಗಬೇಕು. ಇದು ಬಹುಪಾಲು ಸುಣ್ಣಕಲ್ಲಿನ ನಾಡು. ಸುಣ್ಣಕಲ್ಲು ಮಳೆನೀರಿಗೆ ನಿಧಾನವಾಗಿ ಕರಗುತ್ತದೆ. ಮೇಲೆ ಬಿದ್ದ ನೀರು ಬಿರುಕುಗಳಲ್ಲಿ ಇಳಿದು ನೆಲದಡಿ ಹರಿಯುತ್ತದೆ. ಹಾಗಾಗಿ ಬೆಟ್ಟದ ಮೇಲ್ಭಾಗ ಬೋಳು, ಒಣ. ನದಿಗಳು ಮಾತ್ರ ಕಲ್ಲನ್ನು ಕೊರೆದು ಆಳಕ್ಕೆ ಇಳಿದಿವೆ. ಮಾಂಟೆನೆಗ್ರೊದ ತಾರಾ ನದಿಯ ಕಮರಿ ಕೆಲವು ಕಡೆ ಸುಮಾರು 1,300 ಮೀಟರ್ ಆಳ ಇದೆ. ಇಂಥ ಜಾಗದಲ್ಲಿ ರಸ್ತೆಗೆ ಇರುವುದು ಎರಡೇ ದಾರಿ. ಕಮರಿಯ ಗೋಡೆಗೆ ಅಂಟಿಕೊಂಡು ಹೋಗಬೇಕು, ಇಲ್ಲವೇ ಹೇರ್‌ಪಿನ್ ತಿರುವುಗಳಲ್ಲಿ ಬೋಳು ಬೆಟ್ಟಕ್ಕೆ ಹತ್ತಬೇಕು. ನಮಗೆ ಇಷ್ಟವಾಗುವ ರಸ್ತೆಗಳೆಲ್ಲ ಹುಟ್ಟಿದ್ದು ಹೀಗೆ.

ಅದೇ ಕಲ್ಲು ಅಪಾಯವನ್ನೂ ತರುತ್ತದೆ. ಸಮುದ್ರತೀರದ ಹಳೆಯ ರಸ್ತೆಗಳ ಡಾಂಬರಿನಲ್ಲಿ ಅಲ್ಲೇ ಸಿಗುವ ಸುಣ್ಣಕಲ್ಲಿನ ಜಲ್ಲಿಯನ್ನೇ ಬಳಸಿದ್ದಾರೆ. ವರ್ಷಗಟ್ಟಲೆ ಟೈರುಗಳು ಉಜ್ಜಿ ಉಜ್ಜಿ ಆ ಜಲ್ಲಿ ನುಣ್ಣಗಾಗಿದೆ. ಬಿಸಿಲಿನಲ್ಲಿ ನೋಡಿದರೆ ರಸ್ತೆ ಹೊಳೆಯುತ್ತದೆ. ಒಣಗಿದ್ದಾಗ ಸಂಭಾಳಿಸಬಹುದು. ಬೇಸಿಗೆಯ ಧೂಳು, ರಬ್ಬರ್, ಎಣ್ಣೆ ಎಲ್ಲ ಸೇರಿದ ಮೇಲೆ ಮೊದಲ ನಾಲ್ಕು ಹನಿ ಬಿದ್ದಾಗ ಮಾತ್ರ ಟೈರಿಗೆ ಹಿಡಿತವೇ ಸಿಗುವುದಿಲ್ಲ. ನನ್ನ ಸಲಹೆ ಸರಳ. ಹನಿ ಶುರುವಾದರೆ ಹತ್ತಿರದ ಕಾಫಿ ಅಂಗಡಿಯಲ್ಲಿ ನಿಲ್ಲಿಸಿ. ಜೋರು ಮಳೆ ಬಂದು ರಸ್ತೆ ತೊಳೆದುಹೋಗಲಿ, ಆಮೇಲೆ ಹೊರಡಿ. ಬೈಕು ವಾಲಿರುವಾಗ ಬ್ರೇಕ್ ಹಿಡಿಯಬೇಡಿ. ಅಲ್ಲಿ ಬಿದ್ದ ಅನುಭವಿಗಳು ಹಲವರು, ಹೆಚ್ಚಿನವರು ಬಿದ್ದದ್ದು ವೇಗದಿಂದಲ್ಲ, ಈ ನುಣುಪಿನಿಂದ.

ಇನ್ನು ಸಮಯದ ಲೆಕ್ಕ. ಇಲ್ಲಿ ದಿನವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಬೋಸ್ನಿಯಾದ ರಾಜಧಾನಿ ಸರಾಯೆವೊದಿಂದ ಮಾಂಟೆನೆಗ್ರೊದ ಝಬ್ಲ್ಯಾಕ್ ಊರಿಗೆ ಇನ್ನೂರು ಕಿಲೋಮೀಟರೂ ಇಲ್ಲ. ಆದರೂ ಗಡಿ, ಕಮರಿ, ಫೋಟೊ, ಊಟ ಎಲ್ಲ ಸೇರಿದರೆ ಅದು ಇಡೀ ಒಂದು ದಿನದ ಕೆಲಸ. ಫೋನಿನ ಮ್ಯಾಪ್ ತೋರಿಸುವ ಸಮಯಕ್ಕೆ ಅರ್ಧದಷ್ಟು ಸೇರಿಸಿ. ದಿನಕ್ಕೆ ಐದಾರು ಗಂಟೆಗಿಂತ ಜಾಸ್ತಿ ಬೈಕ್ ಮೇಲೆ ಕೂರುವ ಯೋಜನೆ ಬೇಡ. ನಾಲ್ಕೈದು ದಿನಕ್ಕೊಮ್ಮೆ ಬೈಕ್ ಮುಟ್ಟದ ಒಂದು ದಿನ ಇಟ್ಟುಕೊಳ್ಳಿ. ಅದನ್ನು ಚೆಂದದ ಊರಿನಲ್ಲೇ ಇಟ್ಟುಕೊಳ್ಳಿ, ಬರೀ ಮಲಗುವುದಕ್ಕೆ ಸಿಕ್ಕ ಊರಿನಲ್ಲಿ ಬೇಡ.

ಹಾದಿಯ ವಿಚಾರಕ್ಕೆ ಬರೋಣ. ಮೂರು ವಾರ ಇದ್ದರೆ ನಾನು ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲ್ಯಾನಾದಿಂದ ಶುರುಮಾಡಿ ಅನ್ನುತ್ತೇನೆ. ಮೊದಲ ಏರು ವರ್ಶಿಚ್ ಘಾಟಿ. ಎತ್ತರ 1,611 ಮೀಟರ್, 50 ಹೇರ್‌ಪಿನ್ ತಿರುವು. ಇದು ಜೂಲಿಯನ್ ಆಲ್ಪ್ಸ್‌ಗೆ ಸೇರಿದ್ದು, ದಿನಾರಿಕ್ ಸಾಲು ಶುರುವಾಗುವುದು ಇದರ ದಕ್ಷಿಣಕ್ಕೆ. ಆದರೂ ಕೈ ಪಳಗಿಸಿಕೊಳ್ಳಲು ಒಳ್ಳೆಯ ಜಾಗ. ಉತ್ತರದ ಏರಿನಲ್ಲಿ ತಿರುವುಗಳಿಗೆ ಮಾತ್ರ ಕಲ್ಲು ಹಾಸಿದ್ದಾರೆ, ಒದ್ದೆಯಾಗಿದ್ದರೆ ಜೋಪಾನ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿ ಸೇನೆ ರಷ್ಯಾದ ಯುದ್ಧಕೈದಿಗಳಿಂದ ಈ ರಸ್ತೆ ಕಟ್ಟಿಸಿತು. 1916ರ ಮಾರ್ಚ್‌ನಲ್ಲಿ ಹಿಮ ಕುಸಿದು ಅನೇಕ ಕೈದಿಗಳು ಸತ್ತರು. ಏರುದಾರಿಯಲ್ಲಿ ಅವರ ನೆನಪಿನ ಒಂದು ಪುಟ್ಟ ಮರದ ಪ್ರಾರ್ಥನಾಮಂದಿರ ಇದೆ. ಅಲ್ಲಿ ಒಂದೈದು ನಿಮಿಷ ನಿಂತು ಹೋಗಿ. ಆಚೆ ಇಳಿದರೆ ಸೋಚಾ ನದಿ, ಹಸಿರು-ನೀಲಿ ಬಣ್ಣದ ನೀರು.

ಅಲ್ಲಿಂದ ಕ್ರೊಯೇಷಿಯಾ. ಸೆನ್ಯ್ ಊರಿನಿಂದ ದಕ್ಷಿಣಕ್ಕೆ ಹೋಗುವ ತೀರದ ರಸ್ತೆ ಸುಂದರ, ಒಂದು ಕಡೆ ವೆಲೆಬಿತ್ ಬೆಟ್ಟ, ಇನ್ನೊಂದು ಕಡೆ ಬೋಳು ದ್ವೀಪಗಳು. ಆದರೆ ಬೆಟ್ಟದ ಮೇಲಿಂದ ಸಮುದ್ರದ ಕಡೆ ನುಗ್ಗುವ ಬುರಾ ಎಂಬ ಗಾಳಿಯ ಬಗ್ಗೆ ಎಚ್ಚರ. ಅದು ಜೋರಾದರೆ ರಸ್ತೆಯನ್ನು ಮೊದಲು ಮುಚ್ಚುವುದೇ ಬೈಕುಗಳಿಗೆ. ಕ್ರೊಯೇಷಿಯಾದ ಆಟೊ ಕ್ಲಬ್ ಎಚ್‌ಎಕೆ ಪ್ರತಿದಿನ ರಸ್ತೆಸ್ಥಿತಿ ಪ್ರಕಟಿಸುತ್ತದೆ, ಬೆಳಿಗ್ಗೆ ಅದನ್ನು ನೋಡದೆ ಹೊರಡಬೇಡಿ. ಜುಲೈ, ಆಗಸ್ಟ್‌ನಲ್ಲಿ ತೀರದ ರಸ್ತೆಯಲ್ಲಿ ಕಾರುಗಳ ಸಾಲು, ಸುಡುವ ಬಿಸಿಲು. ಅಲ್ಲಿ ಜಾಸ್ತಿ ದಿನ ಕಳೆಯಬೇಡಿ. ಒಂದು ದಿನ ಸಮುದ್ರ ನೋಡಿ, ಆಮೇಲೆ ಬೆಟ್ಟ ದಾಟಿ ಬಿಹಾಚ್ ಹತ್ತಿರ ಬೋಸ್ನಿಯಾದ ಒಳಕ್ಕೆ ನುಗ್ಗಿಬಿಡಿ. ಯಾಯ್ತ್ಸೆ ಊರಿನ ನಡುವೆ ಬೀಳುವ ಜಲಪಾತ ನೋಡಿಕೊಂಡು ಸರಾಯೆವೊ ಸೇರಬಹುದು. ಮೊಸ್ತಾರ್ ಸೇರಿಸಿಕೊಳ್ಳುವವರಿಗೆ ನೆರೆತ್ವಾ ನದಿಯ ಪಕ್ಕದ ರಸ್ತೆ ಸಿಗುತ್ತದೆ. 1566ರಲ್ಲಿ ಕಟ್ಟಿದ ಅಲ್ಲಿನ ಹಳೆಯ ಸೇತುವೆ 1993ರಲ್ಲಿ ಯುದ್ಧದಲ್ಲಿ ಉರುಳಿತು. ಈಗ ನಿಂತಿರುವುದು 2004ರಲ್ಲಿ ಮತ್ತೆ ಕಟ್ಟಿದ್ದು.

ಈಗ ನಾನು ನಿಜಕ್ಕೂ ಹೇಳಬೇಕಾದ ಭಾಗ. ಇಡೀ ಬಾಲ್ಕನ್‌ನಲ್ಲಿ ಎರಡೇ ದಿನ ಬೈಕ್ ಓಡಿಸಬಹುದು ಅಂದರೆ ನಾನು ಕಣ್ಣುಮುಚ್ಚಿ ಫೋಚಾದಿಂದ ತಾರಾ ಸೇತುವೆವರೆಗಿನ ದಾರಿಯನ್ನು ಆರಿಸಿಕೊಳ್ಳುತ್ತೇನೆ.

ಬೋಸ್ನಿಯಾದ ಫೋಚಾ ಬಿಟ್ಟ ಮೇಲೆ ರಸ್ತೆ ಕಿರಿದಾಗುತ್ತದೆ, ಅಲ್ಲಲ್ಲಿ ಕೆಟ್ಟಿದೆ. ಗಡಿಯಲ್ಲಿ ತಾರಾ ನದಿಯ ಮೇಲೆ ಮರದ ಹಲಗೆ ಹಾಸಿದ ಹಳೆಯ ಕಬ್ಬಿಣದ ಸೇತುವೆ, ಆಚೆ ದಡ ಮಾಂಟೆನೆಗ್ರೊ. ಅಲ್ಲಿಂದ ಪ್ಲುಝಿನೆ ಊರಿನವರೆಗೆ ಪಿವಾ ಕಮರಿಯ ರಸ್ತೆ. ಬಂಡೆಯಲ್ಲಿ ಕೊರೆದ ಸುರಂಗಗಳು ಒಂದರ ಹಿಂದೊಂದು ಬರುತ್ತವೆ. ಒಳಗೆ ದೀಪ ಇಲ್ಲ. ಬಿಸಿಲಿನಿಂದ ಒಳಗೆ ನುಗ್ಗಿದಾಗ ಕೆಲವು ಕ್ಷಣ ಏನೂ ಕಾಣುವುದಿಲ್ಲ. ನೆರಳಿಗೆ ನಿಂತ ದನ ಇರಬಹುದು, ಮೇಲಿಂದ ಬಿದ್ದ ಕಲ್ಲು ಇರಬಹುದು. ಕಪ್ಪು ವೈಸರ್ ಹಾಕಿಕೊಂಡು ಇಲ್ಲಿಗೆ ಬರಲೇಬೇಡಿ. ದಾರಿಯಲ್ಲಿ 220 ಮೀಟರ್ ಎತ್ತರದ ಮ್ರಾತಿನ್ಯೆ ಅಣೆಕಟ್ಟಿನ ಮೇಲೆಯೇ ರಸ್ತೆ ಹಾಯುತ್ತದೆ. ಅದರ ಹಿನ್ನೀರಿನಲ್ಲಿ ಮುಳುಗಬೇಕಿದ್ದ ಪಿವಾ ಮಠವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಗೋಡೆಚಿತ್ರಗಳ ಸಮೇತ ಎತ್ತರದ ಜಾಗಕ್ಕೆ ಸಾಗಿಸಿ ಮತ್ತೆ ಜೋಡಿಸಿದ್ದಾರೆ. ಪ್ಲುಝಿನೆಯಲ್ಲಿ ಉಳಿದುಕೊಳ್ಳುವವರು ಅದನ್ನು ನೋಡಲೇಬೇಕು.

ಪ್ಲುಝಿನೆಯಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆ ದುರ್ಮಿತೋರ್ ಬೆಟ್ಟ ದಾಟುವ ರಸ್ತೆ. ಹಿನ್ನೀರಿನ ಪಕ್ಕದಿಂದ ಬಂಡೆಯೊಳಗೇ ತಿರುಗುವ ಸುರಂಗಗಳಲ್ಲಿ ಮೇಲಕ್ಕೆ ಹತ್ತಿ, ತ್ರ್ಸಾ ಎಂಬ ಹಳ್ಳಿ ದಾಟಿ, ಹುಲ್ಲುಗಾವಲಿಗೆ ಬರುತ್ತೀರಿ. ರಸ್ತೆ ಒಂದೇ ವಾಹನದಷ್ಟು ಅಗಲ. ಎದುರಿಗೆ ಕ್ಯಾಂಪರ್ ವ್ಯಾನ್ ಬಂದರೆ ಒಬ್ಬರು ಹಿಂದೆ ಸರಿಯಬೇಕು. 1,907 ಮೀಟರ್ ಎತ್ತರದ ಸೆದ್ಲೊ ಕಣಿವೆದಾರಿಯಲ್ಲಿ ಸುಣ್ಣಕಲ್ಲಿನ ಪದರಗಳು ಬಾಗಿ ಮಡಚಿಕೊಂಡಿರುವುದು ಬರಿಗಣ್ಣಿಗೆ ಕಾಣುತ್ತದೆ. ಬೇಸಿಗೆಯಲ್ಲಿ ಕುರುಬರು ಕುರಿಗಳೊಂದಿಗೆ ಮೇಲೆ ಬಂದು ಕಾತುನ್ ಎಂಬ ಗುಡಿಸಲುಗಳಲ್ಲಿ ಇರುತ್ತಾರೆ. ಮಂದೆ ಕಂಡರೆ ಎಂಜಿನ್ ನಿಲ್ಲಿಸಿ ಕಾಯಿರಿ, ಕಾವಲು ನಾಯಿಗಳನ್ನು ಕೆಣಕಬೇಡಿ. ಈ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಕೆಲವು ವರ್ಷ ಮೇ ತಿಂಗಳಲ್ಲೂ ಹಿಮ ಉಳಿದಿರುತ್ತದೆ. ಐವತ್ತು ಕಿಲೋಮೀಟರಿನಷ್ಟೇ ಇರುವ ಈ ದಾರಿಗೆ ಅರ್ಧ ದಿನ ಕೊಡಿ. ಇಲ್ಲಿ ಅವಸರ ಮಾಡಿದರೆ ಇಷ್ಟು ದೂರ ಬಂದದ್ದೇ ದಂಡ.

ಬೆಟ್ಟ ಇಳಿದರೆ ಝಬ್ಲ್ಯಾಕ್, ಅದರಾಚೆ ಜುರ್ಜೆವಿಚಾ ತಾರಾ ಸೇತುವೆ. ಐದು ಕಮಾನುಗಳ ಈ ಕಾಂಕ್ರೀಟ್ ಸೇತುವೆಯನ್ನು 1937ರಿಂದ 1940ರವರೆಗೆ ಕಟ್ಟಿದರು. 1942ರಲ್ಲಿ ಇಟಲಿಯ ಸೇನೆ ಮುಂದುವರಿಯುವುದನ್ನು ತಡೆಯಲು ಒಂದು ಕಮಾನನ್ನು ಸ್ಫೋಟಿಸಬೇಕಾಯಿತು. ಸ್ಫೋಟಕ್ಕೆ ನೆರವಾದವರು ಲಾಜಾರ್ ಯೌಕೊವಿಚ್, ಅದೇ ಸೇತುವೆಯನ್ನು ಕಟ್ಟಿದ ಎಂಜಿನಿಯರುಗಳಲ್ಲಿ ಒಬ್ಬರು. ಮುಂದೆ ಅವರು ಸೆರೆಸಿಕ್ಕರು. ಅವರನ್ನು ಗುಂಡಿಟ್ಟು ಕೊಂದದ್ದೂ ಆ ಸೇತುವೆಯ ಬಳಿಯೇ. ಯುದ್ಧ ಮುಗಿದ ಮೇಲೆ ಸೇತುವೆಯನ್ನು ಸರಿಪಡಿಸಿದರು. ಈಗ ಪಕ್ಕದಲ್ಲಿ ಜಿಪ್‌ಲೈನ್ ಟಿಕೆಟ್ ಮಾರುತ್ತಾರೆ, ಗದ್ದಲ ಇರುತ್ತದೆ. ಆದರೂ ಬೈಕ್ ನಿಲ್ಲಿಸಿ, ಸೇತುವೆಯನ್ನು ನಡೆದು ದಾಟಿ, ಯೌಕೊವಿಚ್ ಸ್ಮಾರಕದ ಹತ್ತಿರ ಹೋಗಿ ಬನ್ನಿ.

ಅಲ್ಲಿಂದ ಕೊಲಾಶಿನ್, ಪ್ಲಾವ್, ಗುಸಿನ್ಯೆ ದಾಟಿ ವೆರ್ಮೋಶ್ ಹತ್ತಿರ ಅಲ್ಬೇನಿಯಾ. ಚಿಕ್ಕ ಗಡಿ ಚೌಕಿ. ಮುಂದೆ ಎಸ್‌ಎಚ್20 ಎಂಬ ಡಾಂಬರು ರಸ್ತೆ ಶ್ಕೋದರ್ ಕಡೆ ಹೋಗುತ್ತದೆ. ತಮಾರೆ ಹಳ್ಳಿ ದಾಟಿದ ಮೇಲೆ ಲೆಚೆತ್ ಎ ಹೋತಿತ್ ಎಂಬಲ್ಲಿ ತಿರುವುಗಳು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತವೆ.

ಅಲ್ಬೇನಿಯಾದ ಬಗ್ಗೆ ಇನ್ನೂ ಅನೇಕರಿಗೆ ಹೆದರಿಕೆ ಇದೆ. ಆ ಹೆದರಿಕೆ ಬಿಡಿ. ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ಆಳ್ವಿಕೆಯಲ್ಲಿ ಅಲ್ಲಿ ಸಾಮಾನ್ಯ ಜನ ಸ್ವಂತ ಕಾರು ಇಟ್ಟುಕೊಳ್ಳುವಂತಿರಲಿಲ್ಲ. ಆ ನಿಷೇಧ ತೆರವಾದದ್ದು 1990ರ ದಶಕದ ಶುರುವಿನಲ್ಲಿ. ಹಾಗಾಗಿ ದೇಶದ ಬಹುತೇಕ ವಾಹನಸಂಚಾರವೇ ಹೊಸದು. ಓಡಿಸುವ ರೀತಿ ಸ್ವಲ್ಪ ಒರಟು, ಆದರೆ ನಮ್ಮ ಊರುಗಳಲ್ಲಿ ಓಡಿಸಿ ಅಭ್ಯಾಸ ಇರುವವರಿಗೆ ಅದೇನೂ ಕಷ್ಟ ಅನ್ನಿಸುವುದಿಲ್ಲ. ಬಂದ ಅತಿಥಿಯನ್ನು ನೋಡಿಕೊಳ್ಳುವುದನ್ನು ಅವರು ಮನೆತನದ ಮರ್ಯಾದೆ ಅಂದುಕೊಂಡಿದ್ದಾರೆ. ನಿಲ್ಲಿಸಿ ದಾರಿ ಕೇಳಿದರೆ ಕಾಫಿ ಕುಡಿಸದೆ ಬಿಡುವುದಿಲ್ಲ.

ಶ್ಕೋದರ್‌ನಿಂದ ಕೋಮನ್‌ಗೆ ಹೋಗಿ ಬೆಳಗಿನ ಫೆರ್ರಿ ಹಿಡಿಯಿರಿ. ದ್ರಿನ್ ನದಿಗೆ ಅಣೆಕಟ್ಟು ಕಟ್ಟಿದ್ದರಿಂದ ಆದ ಉದ್ದನೆಯ ಸರೋವರ ಅದು, ಎರಡೂ ಕಡೆ ಕಡಿದಾದ ಬೆಟ್ಟ. ಸುಮಾರು ಎರಡೂವರೆ ಗಂಟೆಯಿಂದ ಮೂರು ಗಂಟೆ ಪ್ರಯಾಣ. ಬೈಕಿಗೆ ಮೊದಲೇ ಜಾಗ ಕಾದಿರಿಸಿ, ಬೈಕನ್ನು ಕಟ್ಟಲು ಸ್ವಂತ ಪಟ್ಟಿ ಇಟ್ಟುಕೊಳ್ಳಿ. ಕೋಮನ್‌ವರೆಗಿನ ರಸ್ತೆ ಹಾಳಾಗಿದೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ಫಿಯರ್ಜಾದಲ್ಲಿ ಇಳಿದು ಕುಕೆಸ್, ಪೆಶ್ಕೋಪಿ, ದೆಬಾರ್ ಮೂಲಕ ಉತ್ತರ ಮ್ಯಾಸಿಡೋನಿಯಾದ ಓಹ್ರಿದ್ ಸರೋವರ ಸೇರಬಹುದು. ನನ್ನ ಪ್ರಕಾರ ಬೈಕ್ ಮುಟ್ಟದ ದಿನಕ್ಕೆ ಓಹ್ರಿದ್‌ನಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ಮರುದಿನ ಗಲಿಚಿತ್ಸಾ ಬೆಟ್ಟ ದಾಟಿ. ದಾರಿಯಲ್ಲಿ ಮೇಲೆ ನಿಂತರೆ ಒಂದು ಕಡೆ ಓಹ್ರಿದ್, ಇನ್ನೊಂದು ಕಡೆ ಪ್ರೆಸ್ಪಾ ಸರೋವರ. ವಾಪಸ್ ಅಲ್ಬೇನಿಯಾಕ್ಕೆ ಬಂದು ಕೊರ್ಚಾದಿಂದ ಎರ್ಸೆಕಾ, ಲೆಸ್ಕೊವಿಕ್, ಪರ್ಮೆತ್ ಹಾದಿ. ಹೊಂಡ ಇದೆ, ಜಲ್ಲಿ ಇದೆ, ತಿರುವುಗಳಿಗೆ ಲೆಕ್ಕವೇ ಇಲ್ಲ. ವಾಹನ ಮಾತ್ರ ಬಹಳ ಕಡಿಮೆ. ಕೊನೆಗೆ ಜಿರೋಕಾಸ್ತರ್ ನೋಡಿಕೊಂಡು, ತೀರದ ರಸ್ತೆಯಲ್ಲಿ ಲೋಗರಾ ಘಾಟಿ ಹತ್ತಿ ಉತ್ತರಕ್ಕೆ ತಿರುಗಿ. 2024ರಲ್ಲಿ ಅಲ್ಲಿ ಸುರಂಗ ತೆರೆದಿದೆ. ಅವಸರದವರು ಅದರಲ್ಲಿ ಹೋಗಲಿ, ಸಾವಿರ ಮೀಟರಿಗೂ ಎತ್ತರದ ಹಳೆಯ ಘಾಟಿ ನಮಗಿರಲಿ.

ಯಾವಾಗ ಹೋಗಬೇಕು? ಜೂನ್ ಮಧ್ಯದಿಂದ ಜುಲೈ ಶುರುವಿನವರೆಗೆ, ಇಲ್ಲವೇ ಸೆಪ್ಟೆಂಬರ್. ಎರಡರಲ್ಲಿ ನನ್ನ ಒಲವು ಸೆಪ್ಟೆಂಬರ್ ಕಡೆಗೆ. ಅಕ್ಟೋಬರ್ ನಂತರ ಮಳೆ ಹಿಡಿಯುತ್ತದೆ. ಮಾಂಟೆನೆಗ್ರೊದ ಕೋಟೋರ್ ಕೊಲ್ಲಿಯ ಮೇಲಿನ ತ್ಸ್ರ್ಕ್‌ವಿತ್ಸೆ ಎಂಬ ಪುಟ್ಟ ಊರಿಗೆ ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು ಅನ್ನುವ ಹೆಸರಿದೆ. ಸರಾಸರಿ ವರ್ಷಕ್ಕೆ ಸುಮಾರು 4,600 ಮಿಲಿಮೀಟರ್. ಆಗುಂಬೆಯ ಹಾಗೆಯೇ, ಸಮುದ್ರದಿಂದ ಬಂದ ಮೋಡ ಕಡಿದಾದ ಬೆಟ್ಟಕ್ಕೆ ತಡೆದು ಸುರಿಯುವ ಮಳೆ ಅದು. ಕಾಲ ಮಾತ್ರ ಉಲ್ಟಾ. ನಮ್ಮಲ್ಲಿ ಜೂನ್‌ನಿಂದ ಸುರಿದರೆ ಅಲ್ಲಿ ಬೇಸಿಗೆ ಒಣ, ಮಳೆಯೆಲ್ಲ ಶರತ್ಕಾಲ ಮತ್ತು ಚಳಿಗಾಲದಲ್ಲಿ.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ಇಲ್ಲೇ ಯೋಜನೆಗಳು ಮುರಿಯುತ್ತವೆ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದಲ್ಲಿ. ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ ಹೊರಗಿವೆ. ಕ್ರೊಯೇಷಿಯಾದಿಂದ ಬೋಸ್ನಿಯಾಕ್ಕೆ ಹೋದ ಕ್ಷಣ ನೀವು ಷೆಂಗನ್‌ನಿಂದ ಹೊರಬಿದ್ದಂತೆ. ಒಂದೇ ಸಲ ಪ್ರವೇಶದ ವೀಸಾ ಇದ್ದರೆ ವಾಪಸ್ ಬರುವ ದಾರಿ ಮುಚ್ಚಿತು. ಹಾಗಾಗಿ ಹಲವು ಸಲ ಪ್ರವೇಶಿಸುವ ಷೆಂಗನ್ ವೀಸಾವನ್ನೇ ಕೇಳಿ, ಅರ್ಜಿಯ ಜೊತೆ ದಿನವಾರು ಹಾದಿಯನ್ನು ಬರೆದು ಕೊಡಿ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಅಂಥ ವೀಸಾ ಇರುವ ಭಾರತೀಯರಿಗೆ ಹೊರಗಿನ ಈ ದೇಶಗಳು ಕೆಲವು ದಿನಗಳ ಮಟ್ಟಿಗೆ ಪ್ರವೇಶ ಕೊಡುತ್ತವೆ. ಷರತ್ತುಗಳು ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ಮೊದಲು ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನು ನೀವೇ ಓದಿ, ಇನ್ನೊಬ್ಬರ ಮಾತು ನಂಬಬೇಡಿ, ನನ್ನದನ್ನೂ ಸೇರಿಸಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಒಂದು ವರ್ಷದ ಅವಧಿ. ಮೂಲ ಲೈಸೆನ್ಸ್ ಕೂಡ ಜೊತೆಗಿರಲಿ.

ಬೈಕ್ ಬಾಡಿಗೆಗೆ ಪಡೆಯುವಾಗ ಯಾವ ಯಾವ ದೇಶಕ್ಕೆ ಕೊಂಡೊಯ್ಯಬಹುದು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಗ್ರೀನ್ ಕಾರ್ಡ್ ಅನ್ನುವ ವಿಮಾ ಪತ್ರ ಕೊಡುತ್ತಾರೆ. ಅದರಲ್ಲಿ ದೇಶಗಳ ಸಂಕೇತಾಕ್ಷರಗಳ ಚೌಕಗಳಿವೆ. ಗೀಟು ಹೊಡೆದಿರುವ ದೇಶದಲ್ಲಿ ಆ ವಿಮೆ ನಡೆಯುವುದಿಲ್ಲ. ಅಂಗಡಿಯಲ್ಲೇ ನಿಂತು ಒಂದೊಂದು ಚೌಕವನ್ನೂ ನೋಡಿ.

ಇನ್ನು ಪ್ರಶ್ನೆಗಳು.

ಸಸ್ಯಾಹಾರಿಗಳು ಏನು ತಿನ್ನಬೇಕು ಅಂತ ಒಬ್ಬರು ಅಕ್ಕ ಕೇಳಿದರು. ಉಪವಾಸ ಬೀಳುವುದಿಲ್ಲ. ಬೋಸ್ನಿಯಾದಲ್ಲಿ ಬುರೆಕ್ ಅಂದರೆ ಮಾಂಸ ತುಂಬಿದ್ದು. ನೀವು ಕೇಳಬೇಕಾದ್ದು ಸಿರ್ನಿತ್ಸಾ, ಅದರಲ್ಲಿ ಚೀಸ್ ಇರುತ್ತದೆ. ಝೆಲ್ಯಾನಿತ್ಸಾದಲ್ಲಿ ಸೊಪ್ಪು, ಕ್ರೊಂಪಿರುಶಾದಲ್ಲಿ ಆಲೂಗಡ್ಡೆ. ಮಾಂಟೆನೆಗ್ರೊದ ಬೆಟ್ಟಗಳಲ್ಲಿ ಹಿಟ್ಟು, ಚೀಸ್, ಕೆನೆ ಹಾಕಿ ಬೇಯಿಸಿದ ಕಚಮಾಕ್ ಸಿಗುತ್ತದೆ. ಒಂದು ತಟ್ಟೆ ತಿಂದರೆ ಸಂಜೆವರೆಗೂ ಹಸಿವಿಲ್ಲ. ಮ್ಯಾಸಿಡೋನಿಯಾದಲ್ಲಿ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ತಾವ್ಚೆ ಗ್ರಾವ್ಚೆ. ಸರ್ಬರು ಹೆಚ್ಚಾಗಿರುವ ಕಡೆ "ಪೋಸ್ನೊ" ಅಂತ ಕೇಳಿ. ಅದು ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಊಟ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಮೀನು ಇರಬಹುದು, ಅದನ್ನು ಮಾತ್ರ ಕೇಳಿಕೊಳ್ಳಿ.

ಕೊಸೊವೊ ಮತ್ತು ಸರ್ಬಿಯಾ ಎರಡನ್ನೂ ಸೇರಿಸಬಹುದಾ? ಕ್ರಮ ನೋಡಿಕೊಳ್ಳಬೇಕು. ಕೊಸೊವೊದ ಸ್ವಾತಂತ್ರ್ಯವನ್ನು ಸರ್ಬಿಯಾ ಒಪ್ಪಿಲ್ಲ. ಅಲ್ಬೇನಿಯಾ ಕಡೆಯಿಂದ ಕೊಸೊವೊಗೆ ಬಂದು ನೇರ ಸರ್ಬಿಯಾಕ್ಕೆ ಹೊರಟರೆ, ನಮ್ಮ ದೇಶಕ್ಕೆ ಸರಿಯಾದ ಗಡಿಯಿಂದ ಬಂದಿಲ್ಲ ಅಂತ ಸರ್ಬಿಯಾ ತಡೆಯುತ್ತದೆ. ಕೊಸೊವೊದಲ್ಲಿ ಗ್ರೀನ್ ಕಾರ್ಡ್ ಕೂಡ ನಡೆಯುವುದಿಲ್ಲ, ಗಡಿಯಲ್ಲಿ ಬೇರೆ ವಿಮೆ ಕೊಳ್ಳಬೇಕು. ಭಾರತೀಯರಿಗೆ ಸರ್ಬಿಯಾದಲ್ಲಿದ್ದ ವೀಸಾ ಇಲ್ಲದ ಪ್ರವೇಶವೂ 2023ರ ಜನವರಿಯಿಂದ ನಿಂತಿದೆ. ಮೊದಲ ಪ್ರವಾಸದಲ್ಲಿ ಈ ತಲೆನೋವು ಬೇಡ.

ಬೋಸ್ನಿಯಾದಲ್ಲಿ ಮಣ್ಣುರಸ್ತೆ ಹಿಡಿಯಬಹುದಾ ಅಂತ ಒಬ್ಬ ಯುವಕ ಕೇಳಿದರು. ಗುರುತಿಲ್ಲದ ದಾರಿ ಬೇಡವೇ ಬೇಡ. 1992–95ರ ಯುದ್ಧದಲ್ಲಿ ಹೂತಿಟ್ಟ ನೆಲಬಾಂಬುಗಳು ಇನ್ನೂ ಎಲ್ಲವೂ ತೆಗೆದಾಗಿಲ್ಲ. ತಲೆಬುರುಡೆಯ ಕೆಂಪು ಫಲಕ ಕಂಡರೆ ಆಚೆ ಕಾಲಿಡಬೇಡಿ. ಫಲಕ ಇಲ್ಲದಿದ್ದರೂ ಪಾಳುಬಿದ್ದ ಮನೆಗಳ ಅಂಗಳಕ್ಕೆ, ಬೆಳೆದ ಹುಲ್ಲಿನೊಳಕ್ಕೆ ಹೋಗಬೇಡಿ, ಮೂತ್ರಕ್ಕೆ ಅಂತ ಕೂಡ. ಮಣ್ಣುರಸ್ತೆಯ ಆಸೆ ಇದ್ದರೆ ಅಲ್ಬೇನಿಯಾದಲ್ಲಿ ತೀರಿಸಿಕೊಳ್ಳಿ. ಥೆತ್ ಹಳ್ಳಿಗೆ ಒಂದು ಕಡೆಯಿಂದ ಡಾಂಬರು ಬಂದಿದೆ, ದಕ್ಷಿಣದ ಹಳೆಯ ದಾರಿ ಇನ್ನೂ ಕಲ್ಲಿನದೇ. ಅಲ್ಲಿಗೂ ಒಬ್ಬರೇ ಹೋಗಬೇಡಿ.

ಕೊನೆಯದಾಗಿ, ಹನ್ನೆರಡು ದಿನ ಮಾತ್ರ ರಜೆ ಇದೆ, ಏನು ಬಿಡಬೇಕು ಅನ್ನುವ ಪ್ರಶ್ನೆ. ಸ್ಲೊವೇನಿಯಾ ಬಿಡಿ, ಓಹ್ರಿದ್ ಬಿಡಿ, ದಕ್ಷಿಣ ಅಲ್ಬೇನಿಯಾ ಪೂರ್ತಿ ಬಿಡಿ. ಡುಬ್ರೊವ್ನಿಕ್‌ನಲ್ಲಿ ಬೈಕ್ ಹಿಡಿದು ತ್ರೆಬಿನ್ಯೆ, ಗಾತ್ಸ್ಕೊ ಮೂಲಕ ಸುತ್ಯೆಸ್ಕಾ ಕಾಡು ದಾಟಿ ಫೋಚಾಕ್ಕೆ ಬನ್ನಿ. ಪಿವಾ, ದುರ್ಮಿತೋರ್, ತಾರಾ. ಆಮೇಲೆ ಪ್ಲಾವ್, ವೆರ್ಮೋಶ್, ಶ್ಕೋದರ್. ಅಲ್ಲಿಂದ ಸ್ಕಾದರ್ ಸರೋವರದ ದಕ್ಷಿಣ ದಂಡೆಯ ಕಿರಿದಾರಿಯಲ್ಲಿ ವೀರ್‌ಪಜಾರ್, ಮುಂದೆ ತ್ಸೆತಿನ್ಯೆ. ಕೊನೆಗೆ ನ್ಯೆಗುಶಿಯಿಂದ ಕೋಟೋರ್‌ಗೆ 19ನೇ ಶತಮಾನದ ಹಳೆಯ ಘಾಟಿಯಲ್ಲಿ ಇಳಿಯಿರಿ. ಬೆಳಿಗ್ಗೆ ಬೇಗ ಇಳಿದರೆ ಒಳ್ಳೆಯದು. ಹೊತ್ತಾದರೆ ಹಡಗಿನ ಪ್ರವಾಸಿಗರನ್ನು ತುಂಬಿಕೊಂಡ ಬಸ್ಸುಗಳು ಎದುರಿಗೆ ಹತ್ತಿ ಬರುತ್ತವೆ, ಆ ತಿರುವುಗಳಲ್ಲಿ ಬಸ್ಸಿಗೂ ಬೈಕಿಗೂ ಒಟ್ಟಿಗೆ ಜಾಗ ಇಲ್ಲ. ಕೋಟೋರ್‌ನಿಂದ ಡುಬ್ರೊವ್ನಿಕ್‌ಗೆ ಅರ್ಧ ದಿನ ಸಾಕು, ಆದರೆ ನಡುವಿನ ಗಡಿಯಲ್ಲಿ ಬೇಸಿಗೆಯ ಸಾಲು ಉದ್ದ ಇರುತ್ತದೆ. ಬೈಕ್ ವಾಪಸ್ ಕೊಡುವ ದಿನವೇ ವಿಮಾನ ಇಟ್ಟುಕೊಳ್ಳಬೇಡಿ.